ಬಿಳಿ ದಾರದ ಬ್ಯಾಟರಿ

ಬಾಳೇಶ ಕೆಂಪು ದಾರದ ಬ್ಯಾಟರಿಯನ್ನು ಕ್ಯಾಮರಾದಿಂದ ತೆಗೆದು ಅಂಗೈಯಲ್ಲಿಟ್ಟು ತಿಕ್ಕಿದ. ಅಂಗಿಯ ಚುಂಗಿನಿಂದ ಒರೆಸಿದ, ಬಗಲಲ್ಲಿ ಒತ್ತಿ ಹಿಡಿದು ಬೆಚ್ಚಗೆ ಮಾಡಿದ, ಮತ್ತೆ ಹಾಕಿದ. ಲೆನ್ಸು ಕೊರ್ ಎಂದು ಮುಂದೆ ಬಂತು. ಬ್ಯಾಟರಿ ತುಂಬಿದೆ ಎಂದು ಪರದೆಯ ಮೂಲೆಯಲ್ಲಿ ಸುಳ್ಳೇ ತೋರಿಸಿತು. ಅವನು ಕ್ಯಾಮರಾ ಎತ್ತುವಷ್ಟರಲ್ಲಿ, ಲೆನ್ಸು ಅರ್ಧ ಹೊರಗಿದ್ದಂತೆಯೇ ಎಲ್ಲ ಆರಿಹೋಯಿತು.

ಎದುರಿಗೆ ಪಡಸಾಲೆಯ ಗೋಡೆಗೆ ಒರಗಿಸಿ ಅವನ ಹೆಂಡತಿ ಕಾಶೆವ್ವನನ್ನು ಕುಳ್ಳಿರಿಸಿದ್ದರು. ಹಣೆಗೆ ವಿಭೂತಿ ಬಳಿದು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ, ತಲೆ ವಾಲದಂತೆ ಗಲ್ಲಕ್ಕೆ ಬಟ್ಟೆ ಕಟ್ಟಿದ್ದರು. ನಸುಕಿನಲ್ಲಿ ಒಲೆಯ ಮುಂದೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಎದ್ದಿರಲಿಲ್ಲ. ಪಕ್ಕದಲ್ಲಿ ಕೂತ ಓಣಿಯ ಮುದುಕಿ ಚನ್ನವ್ವ ಹಾಡಿಕೊಂಡು ಅಳುತ್ತಿದ್ದಳು.

"ಹಸರು ದಾರದ್ದ ಹಾಕಿ ನೋಡ್ರಿ ಮಾಮಾ," ಎಂದ ಉದ್ದಪ್ಪ. ಕಾಶೆವ್ವನ ತಮ್ಮ, ಸುದ್ದಿ ಕೇಳಿ ಹುಕ್ಕೇರಿಯಿಂದ ಬಂದಿದ್ದ.

"ಅದೂ ಹಂಗ ಐತಿ. ನಿನ್ನೆ ಮಮದಾಪುರದ ಲಗ್ನದಾಗ ಎರಡೂ ಖಾಲಿ ಆದೂವು."

"ಚಾರ್ಜ್ ಮಾಡಿಲ್ಲೇನ್ರಿ?"

ಬಾಳೇಶ ಗೋಡೆಯ ಕಡೆ ನೋಡಿದ. "ರಾತ್ರಿ ಬರೂದು ತಡಾ ಆತು. ದಿನಾ ಆಕೀನ ಮಾಡತಿದ್ಲು."

ಬಾಳೇಶನ ಊರು ಮೇಲವಂಕಿಯಲ್ಲಿ ಬೆಳಿಗ್ಗೆ ಹೋದ ಕರೆಂಟು ಸಂಜೆಗೇ ಬರುವುದು. ಅಷ್ಟರಲ್ಲಿ ಮಣ್ಣು ಮಾಡಿ ಮುಗಿದಿರುತ್ತದೆ.

ಪಕ್ಕದ ಮನೆಯ ರಾಜಪ್ಪ ಅಂಗಳದಿಂದ ಒಳಗೆ ಬಂದ. ಓಣಿಯಲ್ಲಿ ಯಾರ ಫೋನಿನಲ್ಲೂ ಕ್ಯಾಮರಾ ಇರಲಿಲ್ಲ; ಅವನ ಕೈಯಲ್ಲೂ ಹಳೆಯ ಗುಂಡಿಯ ಫೋನೇ ಇತ್ತು. "ಮೂಡಲಗಿ ಸ್ಟುಡಿಯೋಕ್ಕ ಫೋನ್ ಮಾಡಿದ್ನಿ. ಅಂವಾ ಲಗ್ನದ ಫೋಟೊಕ್ಕ ಹೋಗ್ಯಾನಂತ. ಇವತ್ತ ಮುಹೂರ್ತ ಭಾಳ ಅದಾವು ನೋಡು. ಊರ ಹೆಣದ ಫೋಟೊ ಎಲ್ಲಾ ನೀನ ತಗದಿ, ನಿನ್ನ ಮನ್ಯಾಗ ಹಿಂಗಾತಲ್ಲೋ."

"ಸುಮ್ನಿರ್ರಿ ಕಾಕಾ," ಎಂದ ಉದ್ದಪ್ಪ. ಆಮೇಲೆ ಬಾಳೇಶನ ಹತ್ತಿರ ಬಂದು ದನಿ ಇಳಿಸಿದ. "ಅವ್ವ ಹಾಸಿಗಿ ಬಿಟ್ಟು ಏಳಂಗಿಲ್ರಿ. 'ನನ್ನ ಮಗಳ ಮುಖ ತಂದು ತೋರಸು, ಇಲ್ಲಂದ್ರ ನಾ ನಂಬಂಗಿಲ್ಲ' ಅಂತ ಹೇಳಿ ಕಳಿಸ್ಯಾಳ. ಬರಿಗೈಲೆ ಹೋಗಿ ಆಕಿ ಮುಂದ ಹೆಂಗ ಕುಂದರ್ಲಿ?"

ಮನೆಯಲ್ಲಿದ್ದದ್ದು ಕಾಶೆವ್ವನ ಮದುವೆಯ ಫೋಟೊ ಒಂದೇ. ಅದರಲ್ಲಿ ಬಾಸಿಂಗದ ಮಣಿಗಳ ನಡುವೆ ಮೂಗು ಮಾತ್ರ ಕಾಣುತ್ತಿತ್ತು.

ಇನ್ನೊಂದು ಬ್ಯಾಟರಿ ಇತ್ತು, ಬಿಳಿ ದಾರದ್ದು. ಸಾವಿನ ಮನೆಯಿಂದ ಕರೆ ಬಂದಾಗ ಕಾಶೆವ್ವ ಒಳಗೆ ಹೋಗಿ ಅದನ್ನು ತಂದು ಅವನ ಕೈಗಿಡುತ್ತಿದ್ದಳು. ತಿರುಗಿ ಬಂದ ಮೇಲೆ ತಾನೇ ಬಿಚ್ಚಿಕೊಂಡು ಒಳಗೆ ಒಯ್ಯುತ್ತಿದ್ದಳು. ಎಲ್ಲಿ ಇಡುತ್ತಾಳೆಂದು ಅವನು ಕೇಳಿರಲಿಲ್ಲ. ದೇವರ ಗೂಡಿನಲ್ಲಿ ನೋಡಿದ. ಟ್ರಂಕಿನೊಳಗೆ, ಸೀರೆಗಳ ಮಡಿಕೆಯಲ್ಲಿ ನೋಡಿದ. ಸಿಗಲಿಲ್ಲ.

*

ಹಿಂದಿನ ವರ್ಷ ದೀಪಾವಳಿ ಕಳೆದ ಮೇಲೆ ಅವರಿಬ್ಬರೂ ಗೋಕಾಕಿಗೆ ಹೋಗಿದ್ದರು. ಕಂಪನಿಯ ಬ್ಯಾಟರಿ ಉಬ್ಬಿ ಕ್ಯಾಮರಾದೊಳಗೇ ಸಿಕ್ಕಿಕೊಂಡಿತ್ತು. ಧನಪಾಲ ತನ್ನ ಅಂಗಡಿಯಲ್ಲಿ ಅದನ್ನು ಚಿಮಟಿಗೆ ಹಾಕಿ ಕಿತ್ತು ತೆಗೆದ.

"ಕಂಪನಿ ಮಾಲು ಬರೂದು ಬಂದ್ ಆಗೇತ್ರಿ. ಕ್ಯಾಮರಾ ಹಳೇದಾತು. ಈಗ ಏನಿದ್ರೂ ಡುಪ್ಲಿಕೇಟ್," ಎಂದು ಗಾಜಿನ ಮೇಜಿನ ಮೇಲೆ ಒಂದು ಹಿಡಿ ಬ್ಯಾಟರಿ ಸುರುವಿದ.

ಬಾಳೇಶ ಮೇಲೆ ಬರೆದ ಅಂಕಿಗಳನ್ನು ಓದಿ, ಎಲ್ಲಕ್ಕಿಂತ ದೊಡ್ಡ ಅಂಕಿ ಇದ್ದದ್ದನ್ನು ಎತ್ತಿಕೊಂಡ. ಕಾಶೆವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡು ಒಂದು ಅಂಗೈಯಲ್ಲಿ ಇಟ್ಟುಕೊಂಡಳು, ಮತ್ತೊಂದು ಅಂಗೈಯಲ್ಲಿ ಬೇರೊಂದನ್ನು.

"ಅಂಕಿ ದೊಡ್ಡದ ಬರದಾರ, ಆದ್ರ ಹಗುರ ಐತಿ. ಒಳಗ ಏನ್ ತುಂಬ್ಯಾರ?"

"ಅಕ್ಕಾರ, ಅದು ಬದನಿಕಾಯಿ ಅಲ್ರಿ," ಎಂದು ಧನಪಾಲ ನಕ್ಕ.

"ಬದನಿಕಾಯಿ ಆಗಿದ್ರ ಹಿಚಿಕಿ ನೋಡತಿದ್ನಿ."

ಆಮೇಲೆ ಭಾರವಾದವುಗಳನ್ನು ಒಂದೊಂದಾಗಿ ಗಾಜಿನ ಮೇಲೆ ಮಲಗಿಸಿ, ಬೆರಳಿನಿಂದ ಬದಿಗೆ ನೂಕಿದಳು. ಒಂದು ಬುಗುರಿಯಂತೆ ಗರ್ರನೆ ತಿರುಗಿತು.

"ಇದಕ್ಕ ಹೊಟ್ಟಿ ಬಂದೈತಿ. ಮಾರೂಕಿಂತ ಮೊದಲ ಬಸರಾಗೇತಿ."

ಧನಪಾಲ ಅದನ್ನು ತೆಗೆದು ಡ್ರಾಯರಿಗೆ ಹಾಕಿಕೊಂಡ. "ಬಾಳೇಶ, ಇವರನ್ನ ನಮ್ಮ ಅಂಗಡ್ಯಾಗ ಬಿಟ್ಟು ಹೋಗ್ರಿ. ಪಗಾರ ಕೊಡತೇನಿ."

"ಬಿಟ್ಟು ಹೋದ್ರ ಇವರಿಗೆ ರೊಟ್ಟಿ ಯಾರ ಬಡೀತಾರ," ಎಂದಳು ಕಾಶೆವ್ವ. ನೂಕಿದರೂ ತಿರುಗದೆ ಕೂತ ಮೂರನ್ನು ಆರಿಸಿದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಕೂತು ಒಂದೊಂದಕ್ಕೆ ಒಂದೊಂದು ಎಳೆ ದಾರ ಕಟ್ಟಿದಳು. "ಕೆಂಪು, ಹಸರು ಲಗ್ನಕ್ಕ. ಬಿಳೇದು ಸಾವಿನ ಮನಿಗಿ. ಲಗ್ನದಾಗ ಕ್ಯಾಮರಾ ಬಂದ್ ಬಿದ್ರ ಇನ್ನೊಂದ ಸಲ ಹಾರ ಹಿಡಕೊಂಡ ನಿಂದರತಾರ. ಹೆಣ ನಿಂದರತೈತೇನು?"

"ಹಂಗಾರ ನಿಂದೊಂದ ಹೊಡೀತೇನಿ. ಬ್ಯಾಟರಿ ಪರೀಕ್ಷಾನೂ ಆಗತೈತಿ."

ಅವನು ಕ್ಯಾಮರಾ ಎತ್ತಿದ್ದೇ ತಡ, ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. "ಸುಮ್ನ ಖರ್ಚ ಮಾಡಬ್ಯಾಡ್ರಿ. ನಾಳಿಗಿ ಕೆಲಸ ಐತಿ."

ಅಂದಿನಿಂದ ಕರೆಂಟು ಬಂದರೆ ಹಿಟ್ಟಿನ ಕೈಯಲ್ಲೇ ಓಡಿಹೋಗಿ ಚಾರ್ಜರು ಹಚ್ಚುವುದು, ಕೆಂಪು ದೀಪ ಹಸಿರಾದದ್ದೇ ಎದ್ದು ಹೋಗಿ ಕೀಳುವುದು ಅವಳ ಕೆಲಸವಾಯಿತು. ಉಣ್ಣುತ್ತ ಕೂತಿದ್ದರೂ ಏಳುತ್ತಿದ್ದಳು. "ಡುಪ್ಲಿಕೇಟ್ ಮಾಲು. ಹಂಗ ಬಿಟ್ರ ಹೊಟ್ಟಿ ಬರತೈತಿ," ಎನ್ನುತ್ತಿದ್ದಳು.

*

"ಹೊತ್ತ ಇಳ್ಯಾಕತ್ತೈತಿ. ಎತ್ತೂನ್ರೆಪಾ," ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು.

ಹೊರಗೆ ಹೆಣ ಕೂರಿಸಿ ಹೊರುವ, ಬಾಳೆಕಂಬ ಕಟ್ಟಿದ ವಿಮಾನ ತಯಾರಾಗಿತ್ತು. ಉದ್ದಪ್ಪ ಅಯ್ಯನವರ ಮುಂದೆ ಕೈ ಜೋಡಿಸಿದ. "ಒಂದ ಗಳಿಗಿ ತಡೀರಿ." ಬಾಳೇಶ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಅಲುಗಾಡಿಸಿ ಕಿವಿಗೊಟ್ಟು ಕೇಳುತ್ತಿದ್ದ.

ಚನ್ನವ್ವನ ಹಾಡು ನಿಂತಿತು. "ಬಾಳೇಶಾ, ಏನ್ ಹುಡಕಾಕತ್ತೀಯೋ?"

"ಬ್ಯಾಟರಿ ಆಯಿ. ಬಿಳೀ ದಾರದ್ದು."

"ಅದ? ಅದು ನಂದು."

ಪಡಸಾಲೆಯಲ್ಲಿದ್ದವರೆಲ್ಲ ಮುದುಕಿಯ ಕಡೆ ತಿರುಗಿದರು.

"ಹೋದ ಅಮಾಸಿಗಿ ನನಗ ಉಸರು ಕಟ್ಟಿತ್ತಲ್ಲ. ಎಲ್ಲಾರೂ ಆತು, ಮುದುಕಿ ಹೋತು ಅಂದ್ರಿ. ಈಕಿ ಬಂದು ಗಂಜಿ ಕುಡಿಸಿಕೋತ ಹೇಳಿದ್ಲು. 'ಆಯಿ, ನಿನಗಂತ ಒಂದು ತುಂಬಿ ಜೋಳದ ಡಬ್ಬ್ಯಾಗ ಇಟ್ಟೇನಿ. ಅಲ್ಲಿ ತಣ್ಣಗ ಇರತೈತಿ, ನೀ ಅವಸರ ಮಾಡಬ್ಯಾಡ' ಅಂತ. ಹಲ್ಲಿಲ್ಲದ ಬಾಯಿಗಿ ಅಷ್ಟ ಚಲೋ ಬ್ಯಾಟರಿ ಯಾಕವ್ವಾ ಅಂದ್ನಿ. ಇಬ್ರೂ ನಕ್ಕಿದ್ವಿ." ಮುದುಕಿ ಕಾಶೆವ್ವನ ಮೊಣಕಾಲಿನ ಮೇಲೆ ಕೈ ಇಟ್ಟಳು. "ನಂದ ಹಾಕೋ. ನನಗೇನು ಅವಸರ ಐತಿ."

ಬಾಳೇಶ ಜೋಳದೊಳಗೆ ಮೊಣಕೈ ತನಕ ಕೈ ಇಳಿಸಿದ. ತಳದಲ್ಲಿ ಒಂದು ಅರಿವೆಯ ಗಂಟು ಸಿಕ್ಕಿತು. ಬ್ಯಾಟರಿಯನ್ನು ಒಲೆಯ ಕಟ್ಟೆಯ ಮೇಲೆ ಮಲಗಿಸಿ ಬೆರಳಿನಿಂದ ನೂಕಿದ. ಅದು ತಿರುಗಲಿಲ್ಲ.

ಲೆನ್ಸು ಹೊರಗೆ ಬಂದು ನಿಂತಿತು. ಉದ್ದಪ್ಪ ಪಕ್ಕಕ್ಕೆ ಸರಿದ. ಬಾಳೇಶನ ಬಾಯಿಗೆ ರೂಢಿಯಂತೆ "ಇತ್ತ ನೋಡ್ರಿ" ಎಂಬ ಮಾತು ಬಂದು ಅಲ್ಲೇ ನಿಂತಿತು. ಕ್ಯಾಮರಾ ಎತ್ತಿದ. ಕಾಶೆವ್ವನ ಕೈ ತೊಡೆಯ ಮೇಲೆಯೇ ಇತ್ತು. ಸೆರಗು ತಲೆಯ ಮೇಲೆಯೇ ಇತ್ತು. ಫ್ಲ್ಯಾಶ್ ಬೆಳಗಿತು.

"ಇನ್ನೊಂದ ತಗೀರಿ ಮಾಮಾ, ಅವ್ವಗ."

"ಒಂದ ಸಾಕು. ಚಲೋ ಬಂದೈತಿ."

*

ಮಣ್ಣು ಮುಗಿಸಿ ಬಂದವರು ಸ್ನಾನ ಮಾಡಿ ಒಬ್ಬೊಬ್ಬರಾಗಿ ಹೋದರು. ಉದ್ದಪ್ಪ ಕ್ಯಾಮರಾದ ಮೆಮೊರಿ ಕಾರ್ಡನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಗೋಕಾಕಿನ ಬಸ್ಸು ಹತ್ತಿದ. ಅಲ್ಲಿ ಫೋಟೊ ಪ್ರಿಂಟ್ ಹಾಕಿಸಿಕೊಂಡು ಹುಕ್ಕೇರಿಗೆ ಹೋಗುವವನಿದ್ದ. ಚನ್ನವ್ವ ಮಾತ್ರ ಕಟ್ಟೆಯ ಮೇಲೆ ಉಳಿದಳು.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ಬಾಳೇಶ ಬಿಳಿ ದಾರದ ಬ್ಯಾಟರಿಯನ್ನು ತೆಗೆದು ಅಡುಗೆಮನೆಯ ಚಾರ್ಜರಿಗೆ ಹಾಕಿದ. ಕೆಂಪು ದೀಪ ಹತ್ತಿತು. ಪಡಸಾಲೆಗೆ ಬಂದು, ವಿಭೂತಿ ಹತ್ತಿದ್ದ ಗೋಡೆಯ ಎದುರಿಗೆ ಕೂತ.

"ನಂದ ತುಂಬಾಕ ಇಟ್ಟೀಯೇನೋ?" ಎಂದು ಚನ್ನವ್ವ ಹೊರಗಿನಿಂದ ಕೇಳಿದಳು.

"ಹೂಂ ಆಯಿ."

ತೆಗೆದದ್ದು ಒಂದೇ ಫೋಟೊ. ಬ್ಯಾಟರಿ ಬೇಗ ತುಂಬಿತು. ಒಲೆ ಹೊತ್ತಿಸದ ಅಡುಗೆಮನೆಯ ಕತ್ತಲೆಯಲ್ಲಿ ಕೆಂಪು ಹೋಗಿ ಹಸಿರು ಬಂತು. ಬಾಳೇಶ ಅದನ್ನು ನೋಡಿದ. ನೋಡುತ್ತ ಕೂತೇ ಇದ್ದ, ಈಗ ಒಳಗಿನಿಂದ ಯಾರಾದರೂ ಎದ್ದು ಬಂದು ಕೀಳುತ್ತಾರೆ ಎನ್ನುವವನ ಹಾಗೆ.