ಎಲ್ಲಿ ಒತ್ತಲಿ?

“ಆ ಕುರ್ಚಿ ಬೇಡ. ಅವಳ ಕೈ ನೋಡಿದ್ರಾ?” ಎಂದು ಗುರುಗಳು ಎರಡು ಹೆಜ್ಜೆ ಹಿಂದೆ ಸರಿದರು.

ಕುರ್ಚಿ ಹಿಡಿದು ನಿಂತವಳು ಸೋಡಕ್ಕ. ಸೇನಾ ಆಸ್ಪತ್ರೆಯ ಬಟ್ಟೆ ಒಗೆಯುವ ಆ ಶೆಡ್ಡಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ತೊಟ್ಟಿಗಳಿಗೆ ಸೋಡಾ ಬೆರೆಸುವ ಕೆಲಸ ಅವಳದು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಎಲ್ಲೋ ಇದ್ದೀತು, ಕರೆಯುವವರಿಗೆಲ್ಲ ಅವಳು ಸೋಡಕ್ಕ. ಸೋಡಾ ಕೊರೆದು ಕೊರೆದು ಅಂಗೈ ಸುಲಿದಿತ್ತು, ಬೆರಳ ಸಂದಿಗಳು ಬಿರಿದಿದ್ದವು. ಗುರುಗಳು ಬರುತ್ತಾರೆಂದು ಬೆಳಿಗ್ಗೆಯಿಂದ ಅದೇ ಕೈಯಲ್ಲಿ ಆ ಕುರ್ಚಿಯನ್ನು ಮೂರು ಸಲ ಒರೆಸಿದ್ದಳು.

ಪಕ್ಷದ ಕಾರ್ಯದರ್ಶಿ ಓಡಿ ಬಂದು ಕುರ್ಚಿ ಕಿತ್ತುಕೊಂಡ. “ಬೇವರ್ಸಿ, ತಲೆಯಲ್ಲಿ ಏನ್ ತುಂಬ್ಕೊಂಡಿದೀಯ? ಆಫೀಸಿಂದ ತರ್ಸು ಅಂತ ಬಡ್ಕೊಂಡಿಲ್ವಾ ನಾನು?” ಅವನು ಹಾಗೇನೂ ಬಡಿದುಕೊಂಡಿರಲಿಲ್ಲ. ಬೇರೆ ಕುರ್ಚಿ ಬಂತು. ಅದರ ಮೇಲೊಂದು ಬಿಳಿ ಬಟ್ಟೆ ಹಾಸಿದರು, ಗುರುಗಳು ನೆಮ್ಮದಿಯಾಗಿ ಕುಳಿತರು. ಆ ಬಿಳಿ ಬಟ್ಟೆಯನ್ನು ಒಗೆದದ್ದೂ ಸೋಡಕ್ಕನೇ ಎಂದು ಯಾರೂ ಅವರಿಗೆ ಹೇಳಲು ಹೋಗಲಿಲ್ಲ.

ಚುನಾವಣೆಗೆ ಇನ್ನು ಒಂಬತ್ತು ದಿನ ಉಳಿದಿತ್ತು, ಯುದ್ಧಕ್ಕೆ ಹದಿನಾಲ್ಕು ತಿಂಗಳು ತುಂಬಿತ್ತು. ಗುರುಗಳು ಹೇಳಿದ್ದು ಇಷ್ಟು: ಇದು ಧರ್ಮದ ಯುದ್ಧ, ನಮ್ಮ ಹುಡುಗರ ರಕ್ತ ಪವಿತ್ರವಾದದ್ದು, ಅದು ಬೇರೆ ಪ್ರಾರ್ಥನೆಯವರ ರಕ್ತದ ಜೊತೆ ಒಂದೇ ನೀರಿನಲ್ಲಿ ಕಲೆಯಕೂಡದು. ನಾಳೆಯಿಂದ ಅವರ ಬಟ್ಟೆಗೆ ಬೇರೆ ತೊಟ್ಟಿ. ಪಕ್ಷ ಇದನ್ನು ನಡೆಸಿಕೊಡುತ್ತದೆ, ನೀವು ಪಕ್ಷವನ್ನು ಗೆಲ್ಲಿಸಿಕೊಡಿ.

ಹೆಂಗಸರು ತಮ್ಮ ತಮ್ಮ ತೊಟ್ಟಿಗಳ ಕಡೆ ತಿರುಗಿದರು. ರೇಡಿಯೋ ದಿನಬೆಳಗಾದರೆ ಗೆಲುವು ಎನ್ನುತ್ತಿತ್ತು. ಅವರಿಗೆ ರೇಡಿಯೋ ಬೇಕಿರಲಿಲ್ಲ. ಬದುಕುವ ಹುಡುಗನ ಅಂಗಿಯ ಗುಂಡಿ ಬಿಚ್ಚಿರುತ್ತದೆ. ಸಾಯುವವನ ಅಂಗಿಯನ್ನು ಡಾಕ್ಟರು ಅವಸರಕ್ಕೆ ಕತ್ತರಿಯಲ್ಲಿ ಸೀಳಿರುತ್ತಾರೆ. ಹಿಂದಿನ ವಾರ ಸತ್ತವರು ಏಳು ಮಂದಿ ಎಂದಿತ್ತು ರೇಡಿಯೋ. ಅದೇ ವಾರ ಇವರು ಸೀಳಿದ ಅಂಗಿಗಳನ್ನು ಚಿಂದಿ ಬುಟ್ಟಿಗೆ ತುಂಬಿ ತುಂಬಿ ಸುಸ್ತಾಗಿದ್ದರು.

ಕಲೆಯಜ್ಜಿ ಮಾತ್ರ ತನ್ನ ಮಣೆಯಿಂದ ಎದ್ದು ನಿಂತಳು. ಎಂಥ ಕಲೆಯನ್ನಾದರೂ ತೆಗೆಯುವ ಕೈ ಅವಳದು, ಅದಕ್ಕೇ ಆ ಹೆಸರು. ಅವಳು ಬೇರೆ ಪ್ರಾರ್ಥನೆಯವಳು ಎಂಬುದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಅದು ಯಾರಿಗೂ ನೆನಪಿರುತ್ತಿರಲಿಲ್ಲ.

“ನನ್ನ ಮೊಮ್ಮಗನೂ ಅಲ್ಲೇ ಇದಾನೆ ಗುರುಗಳೇ, ನಿಮ್ಮ ಹುಡುಗ್ರ ಪಕ್ಕದಲ್ಲೇ,” ಎಂದಳು. “ಒಂದು ಬಾಂಬು ಬಿದ್ದು ಇಬ್ರೂ ಒಟ್ಟಿಗೆ ಹೋದ್ರೆ ಯಾವ ತೊಟ್ಟಿಗೆ ಹಾಕ್ಲಿ? ಅದೊಂದು ಹೇಳ್ಬಿಡಿ.”

ಗುರುಗಳು ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ಶೆಡ್ಡಿನ ಮೇಲ್ವಿಚಾರಕನ ಮುಖ ನೋಡಿದ. ಅರ್ಧ ಗಂಟೆಯೊಳಗೆ ಹಾಜರಿ ಪುಸ್ತಕದಲ್ಲಿ ಅಜ್ಜಿಯ ಹೆಸರಿನ ಮೇಲೆ ಗೀಟು ಬಿತ್ತು.

ಅಷ್ಟರಲ್ಲೇ ಕಾರ್ಯದರ್ಶಿ ಸೋಡಕ್ಕನನ್ನು ಬಾಯ್ಲರಿನ ಹಿಂದಕ್ಕೆ ಕರೆದ. ಈಗ ಅವನ ಬಾಯಿಂದ ಬೆಣ್ಣೆಯಂಥ ಮಾತು. ಅವಳ ಮಗ ಯುದ್ಧದ ಮುಂದಿನ ಸಾಲಿನಲ್ಲಿದ್ದಾನಲ್ಲವೇ, ಹತ್ತೊಂಬತ್ತು ವರ್ಷವಲ್ಲವೇ ಎಂದು ತಾನೇ ಕೇಳಿ ತಾನೇ ತಲೆಯಾಡಿಸಿದ. ಜೇಬಿನಿಂದ ಒಂದು ಕಾಗದ ತೆಗೆದು ಅವಳಿಗೆ ಓದಲು ಕೊಟ್ಟ. ಮಗನನ್ನು ಯುದ್ಧ ತಟ್ಟದ ಹಿಂದಿನ ಶಿಬಿರದ ಅಡುಗೆ ವಿಭಾಗಕ್ಕೆ ವರ್ಗ ಮಾಡುವ ಕಾಗದ. ಮುದ್ರೆಯೊಂದು ಬಾಕಿ.

ಸೋಡಕ್ಕ ಅದನ್ನು ಮೂರು ಸಲ ಓದಿದಳು. ನೀರು ಕಾಯಿಸಲು ಇಟ್ಟರೂ ತಳ ಹಿಡಿಸುವ ಹುಡುಗ ಅವನು, ಅವನಿಗೆ ಅಡುಗೆ ವಿಭಾಗ! ನಗು ಬಂತು, ಹಿಂದೆಯೇ ಕಣ್ಣು ಮಂಜಾಯಿತು.

“ಓಟಿನ ಎಣಿಕೆ ಮುಗಿದ ದಿನ ಮುದ್ರೆ ಬೀಳುತ್ತೆ,” ಎಂದು ಕಾರ್ಯದರ್ಶಿ ಕಾಗದವನ್ನು ಮಡಚಿದ. “ನಿಮ್ಮ ಶೆಡ್ಡಿನ ಪೆಟ್ಟಿಗೇನ ಬೇರೆಯಾಗಿ ಎಣಿಸ್ತಾರೆ, ಗೊತ್ತಲ್ಲ? ನಿನ್ನ ಕೈಯಲ್ಲಿರೋ ನಲವತ್ತಕ್ಕೆ ನಲವತ್ತೂ ಬಾಗಿಲಿಗೇ ಬೀಳ್ಬೇಕು. ಒಂದು ಕಮ್ಮಿಯಾದ್ರೂ ನಂಗೆ ತಿಳಿಯುತ್ತೆ. ಆಮೇಲೆ ಆ ಮುದುಕಿ ವಿಷಯಕ್ಕೆ ನೀನು ತಲೆ ಹಾಕ್ಬೇಡ.”

ಬಾಗಿಲು ಪಕ್ಷದ ಗುರುತು. ಶೆಡ್ಡಿನ ಹೆಂಗಸರಿಗೆಂದೇ ಬಟ್ಟೆ ಒಣಗಿಸುವ ಹಾಲಿನಲ್ಲಿ ಮತಗಟ್ಟೆ ಇಡುತ್ತಿದ್ದರು. ಓದು ಬಾರದವರು ಪರದೆಯ ಹಿಂದಕ್ಕೆ ಒಬ್ಬ ಜೊತೆಗಾರರನ್ನು ಕರೆದೊಯ್ಯಬಹುದು ಎನ್ನುತ್ತಿತ್ತು ಕಾನೂನು. ಓದು ಬಾರದವರು ನಲವತ್ತು ಮಂದಿ, ನಾಲ್ಕನೇ ಕ್ಲಾಸು ಓದಿದ್ದ ಸೋಡಕ್ಕ ಆ ನಲವತ್ತೂ ಮಂದಿಯ ಜೊತೆಗಾತಿ. ನಾಲ್ಕು ಚುನಾವಣೆಗಳಲ್ಲಿ ಅವರೆಲ್ಲರ ಮುದ್ರೆಯನ್ನು ಅವಳೇ ಒತ್ತಿದ್ದಳು, ಬಾಗಿಲಿಗೇ ಒತ್ತಿದ್ದಳು. ಒಬ್ಬಳನ್ನೂ ಏನೆಂದು ಕೇಳಿರಲಿಲ್ಲ. ಕೇಳುವುದೇನಿತ್ತು? ಶೆಡ್ಡಿಗೆ ಮಾಡು ಹಾಕಿಸಿದವರು, ನಲ್ಲಿ ತಂದವರು ಬಾಗಿಲಿನವರು. ತೀರಿಹೋದ ಅವಳ ಗಂಡ ಊರೆಲ್ಲ ಬಾಗಿಲಿನ ಪೋಸ್ಟರು ಅಂಟಿಸಿ ಗಂಟಲು ಹರಿದುಕೊಂಡವನು.

ಅಜ್ಜಿ ಹೊರಡುವಾಗ ಸೋಡಕ್ಕನ ತೊಟ್ಟಿಯ ಹತ್ತಿರ ನಿಂತಳು. ರಕ್ತದ ಬಟ್ಟೆಗೆ ತಣ್ಣೀರು ಎಂಬುದರಿಂದ ಹಿಡಿದು ಅಳುವ ಕೂಸನ್ನು ಬಟ್ಟೆ ಬುಟ್ಟಿಯಲ್ಲಿ ಮಲಗಿಸುವುದರವರೆಗೆ ಎಲ್ಲವನ್ನೂ ಸೋಡಕ್ಕನಿಗೆ ಹೇಳಿಕೊಟ್ಟವಳು ಅವಳು. ಒಂದು ಮಾತಿಗೆ ಕಾಯುತ್ತಿದ್ದಳು. ಸೋಡಕ್ಕ ತಲೆಯೆತ್ತದೆ ಕೋಲಿನಲ್ಲಿ ನೀರು ತಿರುವಿದಳು.

“ನಿನ್ನ ಸಂಕಟ ನಂಗೆ ಗೊತ್ತು ಮಗಾ,” ಎಂದು ಅಜ್ಜಿ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿಯಿಂದ ಸೋಡಕ್ಕನಿಗೆ ಊಟ ರುಚಿಸಲಿಲ್ಲ.

ಮರುದಿನ ಎರಡು ತೊಟ್ಟಿಗಳ ಆಜ್ಞೆ ಜಾರಿಗೆ ಬಂತು. ಬರುವ ಬಟ್ಟೆಯೆಲ್ಲ ಒಂದೇ ಬಣ್ಣ, ಒಂದೇ ಕೆಸರು, ಒಂದೇ ವಾಸನೆ. ಯಾವುದು ಯಾರದೆಂದು ಹೆಂಗಸರು ಕೇಳಿದಾಗ ಮೇಲ್ವಿಚಾರಕ ತಲೆ ಕೆರೆದುಕೊಂಡು, ಏನಾದರೂ ಮಾಡಿಕೊಂಡು ಸಾಯಿರಿ, ಎರಡು ತೊಟ್ಟಿ ತುಂಬಿ ಕಂಡರೆ ಸಾಕು ಎಂದ. ಅದೇ ದಿನ ಗೋಡೆಯ ಮೇಲೆ ಹೊಸ ಪೋಸ್ಟರು ಬಂತು. ಅದರಲ್ಲಿ ಗುರುಗಳ ಪಕ್ಕ ನಗುತ್ತಿದ್ದವನು ಇಸ್ತ್ರಿಯವಳ ಮಗ, ಮೂರು ತಿಂಗಳ ಹಿಂದೆ ಸತ್ತವನು. ಕೆಳಗೆ ಬಾಗಿಲಿನ ಗುರುತು. ಇಸ್ತ್ರಿಯವಳು ಕಾರ್ಯದರ್ಶಿಯ ಕೈ ಹಿಡಿದು, ಇದನ್ನು ಬೇರೆ ಕಡೆ ಹಚ್ಚಿ ಸಾರ್, ನನಗೆ ಕೆಲಸ ಮಾಡಲು ಆಗುತ್ತಿಲ್ಲ ಎಂದು ಬೇಡಿಕೊಂಡಳು. ಹೆಮ್ಮೆ ಪಡುವುದು ಬಿಟ್ಟು ಇದೇನು ಅಳು ಎಂದು ಗದರಿಸಿ ಅವನು ಕೈ ಕೊಡವಿದ. ದಿನಕ್ಕೆ ಎಂಟು ಗಂಟೆ ಮಗನ ಮುಖದೆದುರು ಅವಳು ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿದಳು.

ಮತದಾನದ ದಿನ ಕಾರ್ಯದರ್ಶಿ ಪರದೆಗೆ ನಾಲ್ಕು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ. ತೊಡೆಯ ಮೇಲೊಂದು ಚೀಟಿ, ಕೈಯಲ್ಲಿ ಪೆನ್ನು. ಸೋಡಕ್ಕ ಹಾದುಹೋಗುವಾಗ ಎದೆಯ ಜೇಬನ್ನು ಮೆಲ್ಲಗೆ ತಟ್ಟಿ ತೋರಿಸಿದ.

ಮೊದಲು ಒಳಗೆ ಬಂದವಳು ಇಸ್ತ್ರಿಯವಳು. ಸಣ್ಣ ಮೇಜು, ಶಾಯಿ ಡಬ್ಬಿ, ಮರದ ಹಿಡಿಯ ಮುದ್ರೆ. ಸೋಡಕ್ಕ ಅವಳ ಮುಖ ನೋಡಲಿಲ್ಲ. ರಾತ್ರಿಯೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು. ಇವಳು ಕೈ ಹಿಡಿದು ತಡೆಯುತ್ತಾಳೆ, ಉಗಿಯುತ್ತಾಳೆ, ಉಗಿಯಲಿ, ನಾನು ಒತ್ತಿಬಿಡುತ್ತೇನೆ. ಮುದ್ರೆಯನ್ನು ಶಾಯಿಗೆ ಅದ್ದಿ ಬಾಗಿಲಿನ ಚಿತ್ರದ ಮೇಲೆ ತಂದಳು.

“ಒತ್ತಕ್ಕಾ,” ಎಂದಳು ಇಸ್ತ್ರಿಯವಳು ಪಿಸುಗುಟ್ಟಿ. “ಬಾಗಿಲಿಗೇ ಒತ್ತು. ಕಾಗದದ ವಿಷಯ ನಮಗೆಲ್ಲ ಗೊತ್ತು. ಆ ಹಾಳಾದೋನೇ ಹೇಳ್ಕೊಂಡು ತಿರುಗ್ತಿದಾನೆ. ನಲವತ್ತು ಜನಾನೂ ಮಾತಾಡ್ಕೊಂಡಿದೀವಿ. ನನ್ನ ಮಗ ಅಂತೂ ಬರಲ್ಲ. ನಿನ್ನೋನಾದ್ರೂ ಬರ್ಲಿ.”

ಸೋಡಕ್ಕನ ಕೈ ಅಲ್ಲೇ ನಿಂತಿತು. ಇದಕ್ಕೆ ಅವಳು ತಯಾರಾಗಿ ಬಂದಿರಲಿಲ್ಲ. ನಾಲ್ಕು ಚುನಾವಣೆಯಲ್ಲಿ ಇವರ ಬಾಯಿ ನಾನು ಕಟ್ಟಿದೆ, ಈಗ ಇವರೇ ಕಟ್ಟಿಕೊಂಡು ಬಂದಿದ್ದಾರೆ ಎನ್ನಿಸಿ ನಾಚಿಕೆಯಾಯಿತು.

“ನಂಗೆ ಮಗಾನೇ ಇಲ್ಲ ಅಂತ ಇಟ್ಕೋ. ಆಗ ಎಲ್ಲಿ ಒತ್ತಲಿ?”

“ಬಿಡ್ತು ಅನ್ನು. ಎಂಥ ಮಾತಾಡ್ತೀಯ.”

“ಹೇಳು. ಓಟು ನಿಂದು. ಎಲ್ಲಿ ಒತ್ತಲಿ?”

ಇಸ್ತ್ರಿಯವಳು ಕಾಗದವನ್ನು ಹೊಸದಾಗಿ ನೋಡುವವಳಂತೆ ನೋಡಿದಳು. “ನನ್ನ ಮಗನ ಮುಖದ ಕೆಳಗೆ ಹಾಕಿದಾರಲ್ಲ, ಅದೊಂದಕ್ಕೆ ಬೇಡ ಕಣಕ್ಕಾ. ಬೇರೆ ಯಾವುದಾದ್ರೂ ಸರಿ.”

ಬಾಗಿಲಿನ ಕೆಳಗೆ ದೋಣಿಯ ಚಿತ್ರವಿತ್ತು. ದೋಣಿಯವರೇನು ಸಾಚಾಗಳಲ್ಲ, ಸೋಡಕ್ಕನಿಗೆ ಅದು ಗೊತ್ತಿತ್ತು. ಒಂದು ಕಮ್ಮಿಯಾದರೆ ಕಾಗದಕ್ಕೆ ಮುದ್ರೆ ಬೀಳುವುದಿಲ್ಲ ಎಂಬುದೂ ಗೊತ್ತಿತ್ತು. ಕಣ್ಣು ಮುಚ್ಚಲಿಲ್ಲ, ನೋಡಿಕೊಂಡೇ ದೋಣಿಗೆ ಒತ್ತಿದಳು. ಸದ್ದು ಹಾಲಿನ ತುಂಬ ಕೇಳಿತು. ಹೊರಗೆ ಕಾರ್ಯದರ್ಶಿ ಖುಷಿಯಿಂದ ಚೀಟಿಯಲ್ಲಿ ಒಂದು ಗೀಟು ಎಳೆದ.

ಆಮೇಲೆ ಬಂದವರಿಗೆಲ್ಲ ಅದೇ ಪ್ರಶ್ನೆ. ಎಲ್ಲರೂ ಮೊದಲು ಬಾಗಿಲು ಎಂದೇ ಅಂದರು, ಅವಳಿಗಾಗಿ ಅಂದರು. ನನ್ನ ಮಗನ ಮಾತು ಬಿಡು, ನಿನ್ನದು ಹೇಳು ಎಂದು ಅವಳು ಪಟ್ಟು ಹಿಡಿದಳು. ಗಂಡ ಒಂದು ತೋಳು ಕಳೆದುಕೊಂಡು ಬಂದವಳು ದೋಣಿ ಎಂದಳು. ಶೆಡ್ಡಿನಲ್ಲಿ ಎಂದೂ ಬಾಯಿ ಮುಚ್ಚದವಳು ದೋಣಿಯನ್ನು ಬರೀ ಬೆರಳಲ್ಲಿ ತೋರಿಸಿದಳು. ಕಲೆಯಜ್ಜಿಯ ಮಣೆ ಖಾಲಿ ನೋಡಲಾಗುತ್ತಿಲ್ಲ ಎಂದಳು ಒಬ್ಬಳು. ಹಿಂಡುವ ಯಂತ್ರದವಳು ಮಾತ್ರ, ನಮ್ಮಣ್ಣ ಪಕ್ಷದ ಆಫೀಸಿನಲ್ಲಿ ಇದ್ದಾನೆ, ನನಗೆ ಬಾಗಿಲೇ ಇರಲಿ ಎಂದಳು. ಸೋಡಕ್ಕ ಬಾಗಿಲಿಗೇ ಒತ್ತಿಕೊಟ್ಟಳು. ಉಳಿಸಿಕೊಳ್ಳಲು ಇನ್ನೇನೂ ಇರಲಿಲ್ಲ, ಆದರೂ ಒಂದೊಂದು ಸಲ ಒತ್ತುವಾಗಲೂ ಮುದ್ರೆ ಮೊದಲಿನಷ್ಟೇ ಭಾರವಾಗಿತ್ತು. ಕೊನೆಗೆ ತನ್ನ ಓಟನ್ನೂ ಹಾಕಿ ಹೊರಗೆ ಬಂದಳು.

“ಎಲ್ಲಾ ಒತ್ತಿದ್ಯಾ?” ಎಂದ ಕಾರ್ಯದರ್ಶಿ, ಗೀಟುಗಳನ್ನು ಎಣಿಸುತ್ತ.

“ಒತ್ತಿದೆ ಸಾರ್. ಅವರವರು ಎಲ್ಲಿ ಹೇಳಿದ್ರೋ ಅಲ್ಲಿ.”

“ಅವರೇನ್ ಹೇಳ್ತಾರೆ, ಕುರಿಮುಂಡೇವು,” ಎಂದು ನಕ್ಕ. ನಗುತ್ತಲೇ ತಲೆಯೆತ್ತಿ ಅವಳ ಮುಖ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಅವನ ಪೆನ್ನು ಚೀಟಿಯ ಮೇಲೆ ನಿಂತುಹೋಯಿತು, ಇನ್ನೊಂದು ಕೈ ಎದೆಯ ಜೇಬನ್ನು ಭದ್ರವಾಗಿ ಮುಚ್ಚಿಕೊಂಡಿತು. “ಏನೇ ಮಾಡ್ದೆ ನೀನು? ಏ, ನಿನ್ನೇ ಕೇಳ್ತಿರೋದು. ಏನ್ ಮಾಡಿಟ್ಟೆ?”

ಸೋಡಕ್ಕ ಆಗಲೇ ಹಿತ್ತಿಲ ಕಡೆಗೆ ನಡೆದಿದ್ದಳು. ಅಲ್ಲಿ ಲಾರಿ ಬಂದು ನಿಂತಿತ್ತು. ಓಟಿನ ದಿನವೆಂದು ಯುದ್ಧಕ್ಕೆ ರಜೆ ಇರಲಿಲ್ಲ. ಹೆಂಗಸರು ಬಟ್ಟೆಯ ಮೂಟೆಗಳನ್ನು ನೆಲಕ್ಕೆ ಸುರಿದರು, ಎಲ್ಲ ಸೀಳಿದ ಅಂಗಿಗಳು, ಇನ್ನೂ ಹಸಿ. ಅವಳು ಸೋಡಾ ಡಬ್ಬಿಗೆ ಕೈ ಹಾಕಲಿಲ್ಲ. ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಮೇಲಿನ ಅಂಗಿಯ ಕಾಲರನ್ನು ಮಗುಚಿದಳು. ಅಲ್ಲಿ ನಂಬರು ಹೊಲಿದಿರುತ್ತದೆ. ಮಗನ ನಂಬರಿನ ಕೊನೆಗೆ ಒಂಬತ್ತು, ಒಂಬತ್ತು, ಎರಡು.

ಮೊದಲನೆಯದು ಅವನದಲ್ಲ. ಇಸ್ತ್ರಿಯವಳು ಬಂದು ಪಕ್ಕದಲ್ಲಿ ಕುಳಿತು, ನಂಬರು ಓದಲು ಬಾರದಿದ್ದರೂ, ಅಂಗಿಗಳನ್ನು ಒಂದೊಂದಾಗಿ ತೆಗೆದು ಅವಳ ಮುಂದೆ ಹಿಡಿಯತೊಡಗಿದಳು. ಸೋಡಕ್ಕ ಎರಡನೆಯದರ ಕಾಲರು ಮಗುಚಿದಳು.