ಕಲ್ಲುಗುಪ್ಪೆಯ ನಾಯಿ

ರಘುಪತಿಯ ಫೋನು ಬಂದಾಗ ಭಾರ್ಗವಿಗೆ ಮೊದಲು ನೆನಪಾದದ್ದು ತಾನು ಹೇಳದೆ ಬಿಟ್ಟ ಅರ್ಧ ಮಾತು.

ಜಯಪುರದ ಪಶುವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಅವಳು ಚೀಟಿ ಬರೆಯುವವಳು. ಹೋದ ವಾರ ಸೀತೂರಿನ ರಘುಪತಿ ಕೆದರಿದ ಕೂದಲಿನ ಪುಟ್ಟ ನಾಯಿಯನ್ನು ಲಸಿಕೆಗೆ ತಂದಿದ್ದ. ಜಾತಿ ಕೇರ್ನ್ ಟೆರಿಯರ್. 'ಎಂತ ಹೆಸರು ಮಾರಾಯ್ತಿ ಇದು?' ಎಂದು ಕೇಳಿದ. ಗೊತ್ತಿಲ್ಲ ಎನ್ನಲು ನಾಚಿ ಅವಳು ಫೋನಿನಲ್ಲಿ ಹುಡುಕಿ ಓದಿದಳು. ಸ್ಕಾಟ್ಲೆಂಡಿನಲ್ಲಿ ಕೇರ್ನ್ ಅಂದರೆ ಕಲ್ಲುಗುಪ್ಪೆ. ಅದರೊಳಗೆ ಅಡಗಿದ ನರಿ, ನೀರುನಾಯಿಗಳ ಬೆನ್ನುಹತ್ತಿ ನುಗ್ಗುವ ನಾಯಿಯಾದ್ದರಿಂದ ಆ ಹೆಸರು. ನಾಯಿ ಪ್ರಾಣಿಯನ್ನು ತಡೆದು ನಿಲ್ಲಿಸಿದ ಮೇಲೆ ಕಲ್ಲು ಸರಿಸಬೇಕಾದವರು ಮನುಷ್ಯರು ಎಂದೂ ಅಲ್ಲಿತ್ತು. ಅದನ್ನು ಹೇಳಲಿಲ್ಲ. ಹೊರಗೆ ಮೂರು ದನ ಕಾಯುತ್ತಿದ್ದವು.

ರಘುಪತಿ ಮುಳ್ಳುಹಂದಿ ಹಿಡಿಸಲು ನಾಯಿಯನ್ನು ಊರದೇವತೆ ಚೌಡಿಯ ಕಲ್ಲುಗುಪ್ಪೆಗೆ ಬಿಟ್ಟಿದ್ದ. ನಿನ್ನೆ ಬೆಳಿಗ್ಗೆ ಹೋದದ್ದು ಹೊರಬಂದಿಲ್ಲ ಎಂದ ಫೋನಿನಲ್ಲಿ.

ಅವಳು ರಜೆ ಹಾಕಿ ಬಸ್ಸು ಹತ್ತಿದಳು. ಗುಪ್ಪೆಯ ಮುಂದೆ ರಘುಪತಿಯ ತಾಯಿ ತುಂಗಮ್ಮ ಕೂತಿದ್ದರು. ಆ ಊರಲ್ಲಿ ಹರಕೆ ಹೊತ್ತವರೆಲ್ಲ ಅಲ್ಲೊಂದು ಕಲ್ಲಿಡುತ್ತಾರೆ. ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

'ಹೆಸರಿನ ಅರ್ಥ ಹೇಳಿದವಳು ನೀನೇ ಅಲ್ದಾ? ನೀರಿಗೆ ಇಳಿಯೋ ನಾಯಿ ಅಂದಿದ್ರೆ ಇವ ತುಂಗೆಗೆ ಬಿಡ್ತಿದ್ದ!'

'ಅಮ್ಮ, ಸುಮ್ನಿರು,' ಎಂದ ರಘುಪತಿ. ಅವನ ಕಣ್ಣು ಕೆಂಪಾಗಿತ್ತು.

ಒಳಗಿಂದ ತೆಳ್ಳನೆಯ ಕುಂಯ್‌ಗುಟ್ಟುವ ದನಿ ಬಂತು.

'ಪೂರ್ತಿ ಹೇಳ್ಲಿಲ್ಲ, ತಪ್ಪು ನಂದು,' ಎಂದಳು ಭಾರ್ಗವಿ. 'ಕಲ್ಲು ತೆಗೀಲೇಬೇಕು.'

'ಮಕ್ಕಳಾಗ್ಲಿ ಅಂತ ಇಟ್ಟದ್ದು, ಜ್ವರ ಬಿಡ್ಲಿ ಅಂತ ಇಟ್ಟದ್ದು. ಯಾವ ಮನೆಗೆ ಎಂತ ಬರ್ತದೋ? ಯಾರು ಹೊರ್ತಾರೆ?' ಎಂದರು ತುಂಗಮ್ಮ.

'ಇಲ್ಲಿ ನನ್ನ ಕಲ್ಲು ಒಂದೂ ಇಲ್ಲ. ಬರೋದೆಲ್ಲ ನನಗೇ ಬರ್ಲಿ.'

ಹಾಗೆಂದದ್ದು ಧೈರ್ಯವೋ ಹುಂಬತನವೋ ಅವಳಿಗೇ ತಿಳಿಯಲಿಲ್ಲ. ಮೊದಲ ಕಲ್ಲೆತ್ತಿದಳು. ತುಂಗಮ್ಮ ಮುಖ ತಿರುಗಿಸಿದರು. ರಘುಪತಿ ಬಗ್ಗಿದಾಗ ಅವಳೇ ತಡೆದಳು. ತೆಗೆದ ಕ್ರಮದಲ್ಲೇ ಸಾಲಾಗಿ ಇಡತೊಡಗಿದಳು. ಆದರೆ ನಡುವೆ ದನಿ ನಿಂತುಹೋಯಿತು. ಆಮೇಲೆ ಸಾಲು ನೋಡುವಷ್ಟು ವ್ಯವಧಾನವಿರಲಿಲ್ಲ. ಸಿಕ್ಕಿದ್ದನ್ನು ಸಿಕ್ಕಲ್ಲಿ ಎಸೆದಳು.

ಕೊನೆಗೆ ಬೆರಳಿಗೆ ಕೂದಲು ತಾಗಿತು. ಬೆಚ್ಚಗಿತ್ತು.

ಮೂತಿಯಲ್ಲಿ ಮುಳ್ಳು ಚುಚ್ಚಿಕೊಂಡಿದ್ದ ನಾಯಿ ರಘುಪತಿಯ ಮಡಿಲಲ್ಲಿ ನೀರು ನೆಕ್ಕತೊಡಗಿತು. ಭಾರ್ಗವಿ ತಿರುಗಿ ನೋಡಿದಳು. ಚೆಲ್ಲಾಡಿದ ಕಲ್ಲುಗಳ ನಡುವೆ ತುಂಗಮ್ಮ ಮಂಡಿಯೂರಿ, ಒಂದೊಂದನ್ನೇ ಎತ್ತಿ ಮಗುಚಿ ನೋಡುತ್ತಿದ್ದರು.

'ಇವ ಹುಟ್ಟಿದಾಗ ನಾನು ಇಟ್ಟದ್ದು,' ಎಂದರು ಮಗನತ್ತ ನೋಡಿ. 'ಯಾವುದು ಅಂತ ಈಗ ಹೇಳು ಮಾರಾಯ್ತಿ.'