ಕುರ್ಚಿಯಣ್ಣನ ಸಭೆ

ಹನ್ನೊಂದನೇ ಸಾಲಿನವರೆಗೆ ಎಣಿಸಿದ ಮೈಕಣ್ಣ ಮತ್ತೆ ಮೊದಲಿನಿಂದ ಶುರು ಮಾಡಿದ. ಸಾಲಿಗೆ ಇಪ್ಪತ್ತು ಕುರ್ಚಿ. ಒಂದೂ ಖಾಲಿಯಿಲ್ಲ. ಕಾರಂಜಿಯ ಕಟ್ಟೆಯ ಮೇಲೂ ಜನ. ಸತ್ತವನು ಮಂತ್ರಿಯಲ್ಲ, ನಟನಲ್ಲ. ಈ ಚೌಕದ ಬಯಲು ವೇದಿಕೆಯ ಮುಂದೆ ಮೂವತ್ತಾರು ವರ್ಷ ಕುರ್ಚಿ ಹಾಕಿದವನು, ಎಲ್ಲರ ಕುರ್ಚಿಯಣ್ಣ, ಮೈಕಣ್ಣನಿಗೆ ಒಡಹುಟ್ಟಿದ ಅಣ್ಣ. ಬೆಳಿಗ್ಗೆ ಮಣ್ಣು ಮಾಡಿ ಬಂದಿದ್ದರು. ಈಗ ವೇದಿಕೆಯ ಮೇಲೆ ಅವನ ಫೋಟೊ ಇತ್ತು.

ಮೈಕಣ್ಣ ಅದೇ ವೇದಿಕೆಯ ನಿರೂಪಕ. ನಗರದ ಯಾವ ಸಮಾರಂಭವೂ ಅವನ ಗಂಟಲಿಲ್ಲದೆ ಶುರುವಾದದ್ದಿಲ್ಲ. ಅಣ್ಣ ಹೋದನೆಂಬ ದುಃಖ ಅವನಿಗಿತ್ತು, ಇಲ್ಲವೆಂದರೆ ಅನ್ಯಾಯವಾದೀತು. ಆದರೆ ಆ ದುಃಖದ ಪಕ್ಕದಲ್ಲೇ ಹೊಟ್ಟೆಕಿಚ್ಚು ಕಾಲು ಚಾಚಿ ಕೂತಿತ್ತು. ಒಳ್ಳೆಯ ಭಾಷಣ ಮಾಡಿ ಈ ಜನರನ್ನು ಅಳಿಸಿಬಿಟ್ಟರೆ ಸಭೆ ತನ್ನದಾಗುತ್ತದೆ ಎಂದುಕೊಂಡು, ಎರಡು ಹಾಳೆ ಬರೆದು ತಂದಿದ್ದ.

"ಯಾರು ಅತ್ತಿಗೆ, ಇವರೆಲ್ಲ?"

"ನಂಗೇನು ಗೊತ್ತಪ್ಪ. ಆ ಕನ್ನಡಕದವ್ರು ಬ್ಯಾಂಡ್‌ನವ್ರಂತೆ. ಅಲ್ಲಿರೋಳು ಬಸುರಿಯಾಗಿದ್ದಾಗ ನಾಟಕ ನೋಡೋಕೆ ಬಂದಿದ್ಳಂತೆ. ನಿಮ್ಮಣ್ಣ ಒರಗೋಕೆ ಒಳ್ಳೇ ಕುರ್ಚಿ ಹುಡುಕಿ ಕೊಟ್ಟಿದ್ರಂತೆ. ಈಗ ಮಗಳನ್ನೂ ಕರ್ಕೊಂಡು ಬಂದಿದಾಳೆ."

"ಒಂದು ಕುರ್ಚಿ ಕೊಟ್ಟಿದ್ದಕ್ಕಾ?"

"ಹೂಂ, ಅದಕ್ಕೇ."

*

ಮೈಕಣ್ಣನ ನಿರೂಪಣೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಇದೇ ಚೌಕದಲ್ಲಿ ಅವನಿಗೆ ಸನ್ಮಾನವಾಗಿತ್ತು. ಅಂದು ಮಧ್ಯಾಹ್ನ ಅಣ್ಣ ಒಂದೊಂದೇ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದ. ಅದು ಅವನ ಪದ್ಧತಿ. ಕಾಲು ಅಲ್ಲಾಡಿದರೆ ಕುರ್ಚಿ ಹೊರಕ್ಕೆ. ಮುಂದಿನ ಸಾಲು ಅಡ್ಡ ಬಂದರೆ ಒಂದು ಗೇಣು ಪಕ್ಕಕ್ಕೆ.

"ಇನ್ನೂರು ಸಲ ಕೂತೇಳ್ತೀಯಾ? ಯಾರು ನೋಡ್ತಾರೆ ಇದನ್ನ?" ಎಂದು ಮೈಕಣ್ಣ ನಕ್ಕಿದ್ದ.

"ನೋಡ್ಬಾರ್ದು ಕಣೋ. ಜನಕ್ಕೆ ಕುರ್ಚಿ ನೆನಪಾಯ್ತು ಅಂದ್ರೆ ಕಾರ್ಯಕ್ರಮ ಕೆಟ್ಟಿದೆ ಅಂತ."

ಸಂಜೆ ಸನ್ಮಾನದ ಫಲಕ ಹಿಡಿದು ಕೆಳಗಿಳಿದಾಗ ಮೈಕಣ್ಣನ ಸುತ್ತ ನಾಲ್ಕು ಜನ. ಹಿಂದುಗಡೆ ಅಣ್ಣನ ಸುತ್ತ ದೊಡ್ಡ ಗುಂಪು. ಊರುಗೋಲಿನ ಮುದುಕಿಯೊಬ್ಬಳು ಅವನ ಕೈ ಬಿಡುತ್ತಲೇ ಇರಲಿಲ್ಲ. "ಎಲ್ಲಾ ಚೆನ್ನಾಗಿ ಕಾಣಿಸ್ತಪ್ಪ ಇವತ್ತು."

ಮೈಕಣ್ಣ ಅಲ್ಲಿಗೇ ಹೋದ. "ನನ್ನ ಮಾತು ಕೇಳಿಸ್ತಾ ಅಜ್ಜಿ?"

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀವೂ ಮಾತಾಡಿದ್ರಾ?"

"ಕೊನೇ ಸಾಲಿಗೂ ಸ್ಪಷ್ಟವಾಗಿ ಕೇಳಿಸ್ತು ಕಣೋ," ಎಂದ ಅಣ್ಣ. ಆ ಸಮಾಧಾನದ ಮಾತು ಗಾಯಕ್ಕೆ ಉಪ್ಪು ಸವರಿದಂತಾಯಿತು. ಫಲಕವನ್ನು ಮೈಕಣ್ಣ ಅವನಿಗೆ ತೋರಿಸಲೂ ಇಲ್ಲ.

*

ಮೈಕಣ್ಣನ ಸರದಿ ಬಂತು. ಹಾಳೆ ತೆಗೆಯುವ ಮುಂಚೆಯೇ, ಮೈಕ್ ಕೈಗೆ ಸಿಕ್ಕ ಕೂಡಲೇ, ನಾಲಿಗೆ ತನ್ನ ಪಾಡಿಗೆ ತಾನು ಹೊರಟುಬಿಟ್ಟಿತು.

"ಎಲ್ಲರಿಗೂ ಆದರದ ಸ್ವಾಗತ. ನಮ್ಮ ಮುಖ್ಯ ಅತಿಥಿಗಳು ಇನ್ನೇನು ಬಂದುಬಿಡ್ತಾರೆ, ದಯವಿಟ್ಟು..."

ಏನು ಹೇಳಿದೆನೆಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ಅತ್ತಿಗೆ ಫೋಟೊದ ಕಡೆ ನೋಡಿ ಕಿಸಕ್ಕನೆ ನಕ್ಕಳು. ಅವಳ ಹಿಂದೆ ಇಡೀ ಸಭೆ ನಕ್ಕಿತು.

"ಕುರ್ಚಿಯಣ್ಣ ಇದ್ದಿದ್ರೆ ಅವ್ರಿಗೂ ಒಂದು ಕುರ್ಚಿ ತರೋಕೆ ಓಡ್ತಿದ್ದ," ಎಂದ ಕನ್ನಡಕದ ಬ್ಯಾಂಡ್‌ನವ. ಮತ್ತೆ ನಗು. ನಗುತ್ತ ನಗುತ್ತ ಜನ ಅತ್ತರು. ಮೈಕಣ್ಣ ಅವರನ್ನು ಅಳಿಸಿದ್ದೇನೋ ಹೌದು, ಆದರೆ ಅದೂ ಅಣ್ಣನ ಪಾಲಿಗೇ ಹೋಯಿತು. ಹಾಳೆಗಳು ಜೇಬಿನಲ್ಲೇ ಉಳಿದವು.

ಹೊರಡುವಾಗ ಒಬ್ಬೊಬ್ಬರೂ ತಾವು ಕೂತ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿ ಹೋದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಹತ್ತು ನಿಮಿಷದಲ್ಲಿ ಚೌಕ ಬರಿದಾಯಿತು.

ಮೈಕಣ್ಣ ಗೋಡೆಯ ಹತ್ತಿರದಿಂದ ಒಂದು ಕುರ್ಚಿ ತಂದು ವೇದಿಕೆಯ ಎದುರು ಬಿಡಿಸಿಟ್ಟ. ತಾನು ಸತ್ತ ದಿನ ಇಂಥದೇ ಸಭೆ ನಡೆದರೆ ಇದು ಹೆಂಡತಿಗೆ. ಎರಡನೆಯದು ಮಗನಿಗೆ. ಮೂರನೆಯದು ಸೊಸೆಗೆ, ಅವಳು ಬರುವುದು ಅನುಮಾನ, ಆದರೂ ಇಟ್ಟ. ನಾಲ್ಕನೆಯದು ದೀಪದ ಕೆಲಸದವನಿಗೆ. ಐದನೆಯದನ್ನು ತಂದವನು ಯಾರೂ ಹೊಳೆಯದೆ ಹಿಡಿದುಕೊಂಡೇ ನಿಂತ.

"ಯಾರಿಗೋ ಇವು?" ಅತ್ತಿಗೆ ಹಿಂದಿನಿಂದ ಬಂದಿದ್ದಳು.

"ಸುಮ್ನೆ."

"ಸುಮ್ನೆ ಆದ್ರೆ ಅದನ್ನ ನಂಗೆ ಕೊಡು. ಕಾಲು ಬಿದ್ದುಹೋಗ್ತಿದೆ."

ಅವನು ಕುರ್ಚಿ ಬಿಡಿಸಿಟ್ಟ. ಅವಳು ಕೂತು, ಚಪ್ಪಲಿ ಕಳಚಿ, ಖಾಲಿ ನಾಲ್ಕು ಕುರ್ಚಿಗಳತ್ತ ಒಮ್ಮೆ ನೋಡಿದಳು.

"ಇನ್ನೂ ಎಷ್ಟು ಹಾಕ್ಬೇಕು?"

ಮೈಕಣ್ಣ ಗೋಡೆಯ ಕಡೆ ತಿರುಗಿದ. ಅಲ್ಲಿ ಇನ್ನೂರ ಹದಿನೈದು ಕುರ್ಚಿಗಳು ಮಡಚಿಕೊಂಡು ಒರಗಿದ್ದವು.